ತೇಪೆಯೊಳಗಿನ ಹೆಸರುಗಳು

1942ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಮಿಸ್ಸೂರಿ ಪೆಟ್ವೇ ಎಂಬ ಕಪ್ಪು ಮಹಿಳೆಯ ಗಂಡ ತೀರಿಕೊಂಡರು. ಅವರು ಹೊಲದಲ್ಲಿ ದುಡಿಯುತ್ತಿದ್ದವರು. ಬಿಟ್ಟುಹೋದದ್ದು ಮೈಮೇಲಿನ ದುಡಿಮೆ ಬಟ್ಟೆಗಳನ್ನು. ಬೆವರಿಗೂ ಬಿಸಿಲಿಗೂ ಬಣ್ಣಗೆಟ್ಟಿದ್ದ ಆ ಬಟ್ಟೆಗಳನ್ನು ಮಿಸ್ಸೂರಿ ಯಾರಿಗೂ ಕೊಡಲಿಲ್ಲ, ಎಸೆಯಲೂ ಇಲ್ಲ. ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ ಒಂದು ಕೌದಿ ಹೊಲಿದರು. ಗಂಡನ ನೆನಪಿಗೆ, ಅವನ ಪ್ರೀತಿಯನ್ನೇ ಹೊದ್ದು ಮಲಗುವುದಕ್ಕೆ ಅಮ್ಮ ಹಾಗೆ ಮಾಡಿದಳೆಂದು ಮಗಳು ಮುಂದೆ ನೆನಪಿಸಿಕೊಂಡಿದ್ದಾರೆ. ಆ ಊರಿನ ಇಂಥ ಕೌದಿಗಳಲ್ಲಿ ಮೊಣಕಾಲು ಊರಿದ ಜಾಗ ಸವೆದಿರುವುದು ಕಾಣುತ್ತದೆ. ಜೇಬು ಬಿಚ್ಚಿದ ಕಡೆ ಬಿಸಿಲು ತಾಗದ ಗಾಢ ನೀಲಿ ಚೌಕವೊಂದು ಹಾಗೇ ಉಳಿದಿರುತ್ತದೆ.

ಅದಾಗಿ ಮೂವತ್ತೆರಡು ವರ್ಷಕ್ಕೆ, ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸಾಂತಿಯಾಗೊದಲ್ಲಿ ಇನ್ನಷ್ಟು ಹೆಂಗಸರು ಇದೇ ಕೆಲಸಕ್ಕೆ ಕೂತರು. ಇವರ ಕೈಯಲ್ಲೂ ಗಂಡನ ಅಂಗಿ, ಮಗನ ಪ್ಯಾಂಟು. ಆದರೆ ಆ ಗಂಡ, ಆ ಮಗ ಸತ್ತಿದ್ದಾರೋ ಬದುಕಿದ್ದಾರೋ ಇವರಿಗೆ ತಿಳಿದಿರಲಿಲ್ಲ. ಠಾಣೆಗೆ ಹೋಗಿ ಕೇಳಿದರೆ ಅಂಥವರನ್ನು ಬಂಧಿಸಿಯೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಕಣ್ಮರೆಯಾದವರಲ್ಲಿ ಹಲವರು ಕಾಗದಪತ್ರದ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ ಎಂದು 1975ರಲ್ಲಿ ಚಿಲಿಯ ಪ್ರತಿನಿಧಿ ವಿಶ್ವಸಂಸ್ಥೆಯಲ್ಲೇ ವಾದಿಸಿದರು.

ಅಲಬಾಮಾದ ಕೌದಿಯಲ್ಲಿದ್ದದ್ದು ಒಂದು ಮನೆಯ ದುಃಖ. ಸಾಂತಿಯಾಗೊದಲ್ಲಿ ಅದೇ ಸೂಜಿ, ಅದೇ ದಾರ, ಅದೇ ಹಳೇ ಬಟ್ಟೆ ರಾಜಕೀಯವಾದವು. ಹುಟ್ಟಿಯೇ ಇಲ್ಲ ಎಂದು ಸರ್ಕಾರ ಹೇಳಿದ ಮನುಷ್ಯನ ಅಂಗಿ ಕೈಯಲ್ಲಿದ್ದರೆ, ಅದನ್ನು ನಾಲ್ಕು ಜನಕ್ಕೆ ತೋರಿಸುವುದೇ ಆ ಸರ್ಕಾರಕ್ಕೆ ಎದುರು ನಿಂತಂತೆ.

ಕೌದಿ ಏನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಗಳ ಲಂಗ, ಹರಿದ ಕುಪ್ಪಸ ಇವೆಲ್ಲ ಕೂಡಿ ಉತ್ತರ ಕರ್ನಾಟಕದ ಮನೆಗಳಲ್ಲಿ ಹೊದಿಕೆಯಾಗುತ್ತವೆ. ಊರೂರು ತಿರುಗುತ್ತಾ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಅಂಗಳದಲ್ಲಿ ಬಟ್ಟೆ ಹರವಿದರೆಂದರೆ ಓಣಿಯ ಹೆಂಗಸರೂ ಸುತ್ತ ಸೇರುತ್ತಿದ್ದರು. ಯಾವ ತುಂಡು ಯಾರದೆಂದು ಮನೆಯವರಿಗೆಲ್ಲ ಗೊತ್ತು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಕಂತೆಯೂ ಬೊಂತೆಯೂ ಚಿಂದಿ ಕೂಡಿಸಿ ಹೊಲಿದ ಬಟ್ಟೆಗಳೇ. ಬಂಗಾಳದ ಕಾಂಥಾ ಕೂಡ ಈ ಕಂತೆಯ ಬಳಗಕ್ಕೆ ಸೇರಿದ್ದು. ಪಶ್ಚಿಮದವರ ಕ್ವಿಲ್ಟ್ ಸಾಮಾನ್ಯವಾಗಿ ಮೂರು ಪದರದ್ದು. ಮೇಲೆ ತುಂಡು ಬಟ್ಟೆಗಳ ಜೋಡಣೆ, ನಡುವೆ ಹತ್ತಿ ಇಲ್ಲವೇ ಉಣ್ಣೆ, ಕೆಳಗೊಂದು ಅಸ್ತರು. ಮೂರನ್ನೂ ಹಿಡಿದಿಡಲು ಉದ್ದಕ್ಕೂ ಹೊಲಿಗೆ.

ಇಂಥ ಹೊದಿಕೆ ಹೊಲಿಯುತ್ತ ಕೂತ ಹೆಂಗಸಿನ ಮೇಲೆ ಯಾರಿಗೂ ಗುಮಾನಿ ಬರುವುದಿಲ್ಲ. ಪತ್ರಿಕೆಯನ್ನು ಮುಚ್ಚಿಸಬಹುದು, ಭಾಷಣ ಮಾಡಿದವನನ್ನು ಎಳೆದೊಯ್ಯಬಹುದು. ಚಿಂದಿ ಜೋಡಿಸುವವಳನ್ನು ಮಾತ್ರ ಅಧಿಕಾರ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ರಾಜಕೀಯ ವರದಿಗಳಲ್ಲಿ ‘ತೇಪೆ ಹಚ್ಚುವುದು’ ಎಂದರೆ ತಪ್ಪನ್ನು ಮುಚ್ಚಿಹಾಕುವುದು. ಚಿಲಿಯ ಹೆಂಗಸರು ಹಚ್ಚಿದ ತೇಪೆಗಳು ಮುಚ್ಚಿಟ್ಟಿದ್ದನ್ನು ಹೊರಗೆ ತೆರೆದಿಟ್ಟವು.

1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ಚುನಾಯಿತ ಅಧ್ಯಕ್ಷ ಸಾಲ್ವಡೋರ್ ಅಯೆಂದೆ ಅವರ ಭವನದ ಮೇಲೆ ವಿಮಾನಗಳಿಂದ ಬಾಂಬು ಹಾಕಿತು. ಅಯೆಂದೆ ಅಂದೇ ಸತ್ತರು. ಜನರಲ್ ಅಗುಸ್ತೊ ಪಿನೊಚೆಟ್ ಕೈಗೆ ಬಂದ ಅಧಿಕಾರ 1990ರವರೆಗೂ ಅಲ್ಲೇ ಉಳಿಯಿತು. ಸಂಸತ್ತಿಗೆ ಬೀಗ ಬಿತ್ತು. ಪಕ್ಷಗಳು, ಕಾರ್ಮಿಕ ಸಂಘಟನೆಗಳು ನೆಲಕಚ್ಚಿದವು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೊಲೆಯಾದರು ಅಥವಾ ಕಣ್ಮರೆಯಾದರು. ಚಿತ್ರಹಿಂಸೆ ಉಂಡವರು ಹತ್ತಾರು ಸಾವಿರ. ಕಣ್ಮರೆಯಾದ ಸಾವಿರಕ್ಕೂ ಹೆಚ್ಚು ಜನರ ಮನೆಯವರು ಠಾಣೆ, ಸೆರೆಮನೆ, ಆಸ್ಪತ್ರೆ, ಶವಾಗಾರ ಎಂದು ಅಲೆಯುತ್ತಿದ್ದರು. ಒಂದೇ ಬಾಗಿಲಿನ ಮುಂದೆ ದಿನವೂ ಎದುರಾಗುವ ಹೆಂಗಸರಿಗೆ ಪರಸ್ಪರ ಮುಖಪರಿಚಯವಾಯಿತು.

ಅವರ ಬೆನ್ನಿಗೆ ನಿಂತದ್ದು ಚರ್ಚು. 1973ರ ಅಕ್ಟೋಬರಿನಲ್ಲೇ ಹಲವು ಚರ್ಚುಗಳು ಸೇರಿ ಒಂದು ನೆರವು ಸಮಿತಿ ಕಟ್ಟಿದ್ದವು. 1974ರಲ್ಲಿ ಅದರ ಆಸರೆಯಲ್ಲಿ ಹೊಲಿಗೆಯ ಕಮ್ಮಟಗಳು ಶುರುವಾದವು. ಪಿನೊಚೆಟ್ ಒತ್ತಡ ತಂದು 1975ರ ಕೊನೆಗೆ ಆ ಸಮಿತಿಯನ್ನು ಮುಚ್ಚಿಸಿದರು. ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್ 1976ರ ಆರಂಭದಲ್ಲೇ ಕ್ಯಾಥೊಲಿಕ್ ಚರ್ಚಿನ ಒಳಗಡೆ ವಿಕಾರಿಯಾ ಎಂಬ ಹೊಸ ಕಚೇರಿ ತೆರೆದರು. ಮುಚ್ಚಿದ ಸಮಿತಿಯ ಕೆಲಸ ಅಲ್ಲಿ ಮುಂದುವರಿಯಿತು.

ಹೆಂಗಸರು ಹೊಲಿದದ್ದಕ್ಕೆ ಅರ್ಪಿಯೇರಾ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಗೋಣಿತಾಟು. ಗೋಣಿಚೀಲದ ತುಂಡಿನ ಮೇಲೆ ಚಿತ್ರ ಹೊಲಿಯುವುದು ಆ ದೇಶಕ್ಕೆ ಹೊಸದಾಗಿರಲಿಲ್ಲ. ಜಾನಪದ ಗಾಯಕಿ ವಿಯೊಲೆಟಾ ಪಾರಾ ಅವರ ಗೋಣಿತಾಟಿನ ಕಸೂತಿಗಳು 1964ರಲ್ಲೇ ಪ್ಯಾರಿಸಿನ ಲೂವ್ರ್ ಅರಮನೆಯ ಅಲಂಕಾರ ಕಲೆಗಳ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿದ್ದವು. ಕಮ್ಮಟದ ಹೆಂಗಸರಲ್ಲಿ ನುರಿತ ಕಸೂತಿಗಾರ್ತಿಯರು ಕಡಿಮೆ, ಉಣ್ಣೆದಾರಕ್ಕೆ ದುಡ್ಡೂ ಇರಲಿಲ್ಲ. ಇದ್ದದ್ದು ಚಿಂದಿ. ಅದನ್ನೇ ಮನೆ, ಮರ, ಬೀದಿ, ಪೊಲೀಸ್ ವ್ಯಾನುಗಳ ಆಕಾರಕ್ಕೆ ಕತ್ತರಿಸಿ ಗೋಣಿಯ ಮೇಲಿಟ್ಟು ಹೊಲಿದರು. ಮನುಷ್ಯರಿಗಾಗಿ ಬೆರಳುದ್ದದ ಗೊಂಬೆ ಮಾಡಿ ಬಟ್ಟೆಯಿಂದ ಉಬ್ಬಿ ನಿಲ್ಲುವಂತೆ ಕೂರಿಸಿದರು. ಕೆಲವರು ಚಿತ್ರದ ಬೆನ್ನಿಗೊಂದು ಪುಟ್ಟ ಜೇಬು ಹೊಲಿದು, ಚಿತ್ರದ ಕತೆಯನ್ನು ಚೀಟಿಯಲ್ಲಿ ಬರೆದು ಅದರೊಳಗಿಟ್ಟರು.

ಹೆಚ್ಚಿನ ಅರ್ಪಿಯೇರಾಗಳಲ್ಲಿ ಮೇಲ್ಗಡೆ ಆಂಡಿಸ್ ಪರ್ವತಸಾಲು, ಅದರ ನೆತ್ತಿಯಲ್ಲಿ ಸೂರ್ಯ. ಕೆಳಗೆ ಹಳದಿ, ಕೆಂಪು, ತಿಳಿನೀಲಿ ಮನೆಗಳು. ದೂರದಿಂದ ನೋಡಿದವರಿಗೆ ಮಕ್ಕಳ ಕೋಣೆಯ ಗೋಡೆಗೆ ತೂಗುಹಾಕುವ ಚಿತ್ರ ಎನಿಸುತ್ತದೆ. ಹತ್ತಿರ ಹೋದಾಗ ಆ ಬಣ್ಣದ ಮನೆಯ ಬಾಗಿಲಲ್ಲಿ ಸೈನಿಕರು ಒಬ್ಬನನ್ನು ಎಳೆಯುತ್ತಿರುವುದು ಕಾಣುತ್ತದೆ. ಇನ್ನೊಂದರಲ್ಲಿ ನ್ಯಾಯಾಲಯದ ಮುಂದೆ ಹೆಂಗಸರು ಫೋಟೊ ಹಿಡಿದು ನಿಂತು ‘ಅವರು ಎಲ್ಲಿದ್ದಾರೆ’ ಎಂದು ಕೇಳುತ್ತಾರೆ. ಮತ್ತೊಂದರಲ್ಲಿ ಕೆಲಸ ಕಳೆದುಕೊಂಡವರ ಮಕ್ಕಳಿಗೆ ಬಡಾವಣೆಯ ಹೆಂಗಸರು ಒಂದೇ ಹಂಡೆಯಲ್ಲಿ ಅಡುಗೆ ಬೇಯಿಸುತ್ತಾರೆ. ಈ ಹೊಳೆಯುವ ಬಣ್ಣಗಳೇ ಅರ್ಪಿಯೇರಾಗಳ ದೊಡ್ಡ ಶಕ್ತಿ. ಕಪ್ಪು ಬಳಿದು ದುಃಖ ಹೇಳಿದ್ದರೆ ನೋಡುಗರು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಸೂರ್ಯ ಹೊಳೆಯುತ್ತಿರುವಾಗಲೇ, ನೆರೆಮನೆಯಲ್ಲಿ ಬಟ್ಟೆ ಒಣಗುತ್ತಿರುವಾಗಲೇ ಒಬ್ಬ ಮನುಷ್ಯ ಇಲ್ಲವಾಗುತ್ತಾನೆ. ಅದು ನಡೆದದ್ದೂ ಹಾಗೆಯೇ, ಹಾಡಹಗಲಲ್ಲಿ, ನೆರೆಹೊರೆಯ ಕಣ್ಣೆದುರಿಗೆ.

1978ರ ನವೆಂಬರಿನಲ್ಲಿ ಸಾಂತಿಯಾಗೊ ಹತ್ತಿರದ ಲೋಂಕೆನ್ ಎಂಬಲ್ಲಿ ಪಾಳುಬಿದ್ದ ಸುಣ್ಣದ ಗೂಡುಗಳಿಂದ 15 ಗಂಡಸರ ಅವಶೇಷಗಳು ಹೊರಬಂದವು. ಐದು ವರ್ಷ ಹಿಂದೆ ಬಂಧಿಸಿ ಒಯ್ದಿದ್ದ ರೈತಾಪಿ ಜನ ಅವರು. ಕಣ್ಮರೆಯಾದವರು ಎಲ್ಲೋ ಬದುಕಿರಬಹುದು ಎಂದು ನಂಬಿದ್ದ ಮನೆಗಳಿಗೆ ಅದು ಸಿಡಿಲಿನಂತೆ ಎರಗಿತು. ಆ ಗೂಡುಗಳೂ ಗೋಣಿತಾಟಿನ ಮೇಲೆ ಬಂದವು. ಅದೇ ವರ್ಷ ಮಾರ್ಚ್ 8ರ ಮಹಿಳಾ ದಿನದಂದು ಕಣ್ಮರೆಯಾದವರ ಮನೆಯ ಹೆಂಗಸರು ರಂಗದ ಮೇಲೆ ಕ್ವೇಕಾ ಕುಣಿದಿದ್ದರು. ಕ್ವೇಕಾ ಗಂಡುಹೆಣ್ಣು ಜೋಡಿಯಾಗಿ ಕುಣಿಯುವ ಚಿಲಿಯ ನೃತ್ಯ. ಆ ದಿನ ಜೊತೆಗಾರನ ಜಾಗ ಖಾಲಿಯಾಗೇ ಇತ್ತು. ಈ ಒಂಟಿ ಕುಣಿತ ಅರ್ಪಿಯೇರಾಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರ. 1979ರಲ್ಲಿ ಮುಚ್ಚಿದ ಸಂಸತ್ತಿನ ಕಬ್ಬಿಣದ ಬೇಲಿಗೆ ಅವರು ಸರಪಳಿಯಿಂದ ತಮ್ಮನ್ನು ಕಟ್ಟಿಕೊಂಡು ನಿಂತದ್ದೂ ಚಿತ್ರವಾಯಿತು. ಆ ದಿನಗಳ ಪತ್ರಿಕೆಗಳಲ್ಲಿ ಅಚ್ಚಾಗದ ವರದಿಗಳು ಹೀಗೆ ಬಟ್ಟೆಯ ಮೇಲೆ ಉಳಿದುಕೊಂಡಿವೆ.

ಹೊಲಿದವರೆಲ್ಲ ಕಣ್ಮರೆಯಾದವರ ಮನೆಯವರಲ್ಲ. ಗಂಡನಿಗೆ ಕೆಲಸ ಹೋಗಿ ಒಲೆ ಆರಿದ್ದ ಕೊಳೆಗೇರಿಗಳ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿದ್ದರು. ವಿಕಾರಿಯಾ ಚಿತ್ರಗಳನ್ನು ಕೊಂಡು, ಚರ್ಚಿನ ಮತ್ತು ದೇಶ ಬಿಟ್ಟ ಚಿಲಿಯನ್ನರ ಬಳಗದ ಮೂಲಕ ಯುರೋಪ್, ಉತ್ತರ ಅಮೆರಿಕಗಳಿಗೆ ಕಳಿಸುತ್ತಿತ್ತು. ಬಂದ ದುಡ್ಡಲ್ಲಿ ಮಕ್ಕಳು ಉಂಡರು. ಪ್ರತಿಭಟನೆಯನ್ನು ಮಾರಿ ಹೊಟ್ಟೆ ಹೊರೆಯುವುದೇ ಎಂದು ಯಾರಾದರೂ ಕೇಳಬಹುದು. ಹಸಿವೂ ಅದೇ ಆಡಳಿತ ತಂದಿಟ್ಟ ಹಸಿವು. ಅದನ್ನು ಹೊಲಿಯುವುದೂ, ಹೊಲಿದು ಉಣ್ಣುವುದೂ ಅವರಿಗೆ ಒಂದೇ ಹೋರಾಟವಾಗಿತ್ತು. ಹೆಚ್ಚಿನವರು ಚಿತ್ರದ ಮೇಲೆ ತಮ್ಮ ಹೆಸರು ಹಾಕಲಿಲ್ಲ. ಹಾಕಿದ್ದರೆ ಮರುದಿನ ಬಾಗಿಲು ತಟ್ಟುವವರು ಯಾರೆಂದು ಅವರಿಗೆ ಗೊತ್ತಿತ್ತು.

ಹೆಸರನ್ನೇ ಹೊಲಿದು ತಾವು ಬದುಕಿದ್ದೇವೆಂದು ತಿಳಿಸಿದವರೂ ಇದ್ದಾರೆ. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ವಶವಾದಾಗ ಸೆರೆಸಿಕ್ಕ ನಾಗರಿಕ ಹೆಂಗಸರನ್ನೂ ಮಕ್ಕಳನ್ನೂ ಚಾಂಗಿ ಸೆರೆಮನೆಗೆ ತುಂಬಿದರು. ಗಂಡಸರನ್ನು ಬೇರೆ ಕಡೆ ಇಟ್ಟಿದ್ದರು. ಯಾರು ಉಳಿದಿದ್ದಾರೆ, ಯಾರಿಲ್ಲ ಎಂದು ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟುವಂತಿರಲಿಲ್ಲ. ಕೆನಡಾದ ರೆಡ್‌ಕ್ರಾಸ್ ಪ್ರತಿನಿಧಿ ಎಥೆಲ್ ಮಲ್ವನಿ ಒಂದು ದಾರಿ ಹುಡುಕಿದರು. ಗಾಯಾಳುಗಳಿಗೆ ಕೊಡಲು ಕೌದಿ ಹೊಲಿಯುತ್ತೇವೆ ಎಂದು ಅನುಮತಿ ಕೇಳಿದರು. ಒಂದು ಬ್ರಿಟಿಷರಿಗೆ, ಒಂದು ಆಸ್ಟ್ರೇಲಿಯನ್ನರಿಗೆ, ಮತ್ತೊಂದು ಜಪಾನಿ ಸೈನಿಕರಿಗೂ. ಒಂದೊಂದರಲ್ಲಿ 66 ಚೌಕಗಳು. ಪ್ರತಿ ಹೆಂಗಸಿಗೂ ತನ್ನ ಹೆಸರು, ಜೊತೆಗೆ ತನ್ನದೇ ಏನಾದರೊಂದು ಗುರುತು ಹೊಲಿಯಲು ಒಂದು ಚೌಕ. ಆಸ್ಪತ್ರೆಗೆ ಹೋದ ಕೌದಿ ಎಷ್ಟು ಜನ ಉಳಿದಿದ್ದಾರೆ ಎಂಬ ಪಟ್ಟಿಯೂ ಆಗಿತ್ತು. ಮೂರೂ ಉಳಿದುಬಂದಿವೆ, ಎರಡು ಆಸ್ಟ್ರೇಲಿಯಾದ ಯುದ್ಧ ಸ್ಮಾರಕದಲ್ಲಿ, ಒಂದು ಬ್ರಿಟಿಷ್ ರೆಡ್‌ಕ್ರಾಸ್ ಬಳಿ.

ಅಮೆರಿಕದಲ್ಲಿ ಈ ಹಾದಿ ಇನ್ನೂ ಹಳೆಯದು. ಅಲ್ಲಿನ ಹೆಂಗಸರಿಗೆ ದೇಶದುದ್ದಕ್ಕೂ ಮತದ ಹಕ್ಕು ಬಂದದ್ದು 1920ರಲ್ಲಿ. ಅದಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಮುಂಚಿನಿಂದಲೇ ಕೌದಿಯಲ್ಲಿ ಅವರ ಅಭಿಪ್ರಾಯ ಕಾಣುತ್ತದೆ. ಗುಲಾಮಗಿರಿಯ ವಿರುದ್ಧ ದುಡ್ಡು ಕೂಡಿಸಲು ಬಾಸ್ಟನ್ನಿನ ಹೆಂಗಸರು 1836ರಲ್ಲಿ ನಡೆಸಿದ ಮೇಳದಲ್ಲಿ ಒಂದು ತೊಟ್ಟಿಲ ಕೌದಿ ಇತ್ತು. ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಅದನ್ನು ಹೊಲಿದರೆಂದು ಹೇಳುತ್ತಾರೆ. ನಕ್ಷತ್ರಗಳ ನಡುವಿನ ಚೌಕದಲ್ಲಿ ಶಾಯಿಯಿಂದ ಕೆಲವು ಸಾಲು ಬರೆದಿದೆ. ಮಗುವನ್ನು ಮಲಗಿಸುವ ತಾಯಿ, ಮಗುವನ್ನು ಕಿತ್ತುಕೊಂಡಾಗ ಗುಲಾಮ ತಾಯಿ ಏನು ಅನುಭವಿಸುತ್ತಾಳೆಂದು ನೆನೆಯಬೇಕು ಎನ್ನುವುದು ಅದರ ತಾತ್ಪರ್ಯ. ಕೌದಿಯ ಹತ್ತಿಯನ್ನೇ ಗುಲಾಮರು ಬೆಳೆಯುತ್ತಿದ್ದ ಕಾಲ ಅದು. ಅಂಥ ಬಟ್ಟೆ ಬೇಡವೆಂದು, ಗುಲಾಮರ ದುಡಿಮೆಯಿಲ್ಲದ ಹತ್ತಿಯ ಬಟ್ಟೆ ಮಾತ್ರ ಮಾರುವ ಅಂಗಡಿಗಳನ್ನೂ ಕೆಲವರು ನಡೆಸಿದರು.

ಹೊಲಿಗೆಯ ವಿನ್ಯಾಸಗಳ ಹೆಸರಲ್ಲೂ ಚುನಾವಣೆಯ ಬಿಸಿ ಇತ್ತು. ರಾಜಕಾರಣಿ ಹೆನ್ರಿ ಕ್ಲೇ ಹೆಸರಲ್ಲಿ ಒಂದು, ಲಿಂಕನ್ ಹೆಸರಲ್ಲಿ ಒಂದು, ಕಾನ್ಸಸ್ ಪ್ರಾಂತದ ರಕ್ತಪಾತದ ನೆನಪಿಗೆ ಇನ್ನೊಂದು. ಗುಲಾಬಿಯ ಒಂದು ವಿನ್ಯಾಸವನ್ನು ವಿಗ್ ಪಕ್ಷದ ಮನೆಯವರು ವಿಗ್ ಗುಲಾಬಿ ಎಂದರೆ ಡೆಮಾಕ್ರಟಿಕ್ ಮನೆಯವರು ತಮ್ಮ ಪಕ್ಷದ ಗುಲಾಬಿ ಎಂದರು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ದಕ್ಷಿಣದಿಂದ ತಪ್ಪಿಸಿಕೊಂಡು ಓಡುತ್ತಿದ್ದ ಗುಲಾಮರಿಗೆ ಬೇಲಿಯ ಮೇಲೆ ಹರವಿದ ಕೌದಿಗಳ ವಿನ್ಯಾಸವೇ ದಾರಿ ತೋರುವ ಗುಪ್ತ ಸಂಕೇತವಾಗಿತ್ತು ಎಂಬ ಕತೆ ಬಹಳ ಜನಪ್ರಿಯ. 1999ರಲ್ಲಿ ಬಂದ ಒಂದು ಪುಸ್ತಕದಿಂದ ಅದು ಶಾಲೆಗಳವರೆಗೂ ಹಬ್ಬಿತು. ತಪ್ಪಿಸಿಕೊಂಡವರು ಬರೆದಿಟ್ಟ ಆತ್ಮಕತೆಗಳಲ್ಲಿ ಈ ಸಂಕೇತದ ಸುಳಿವಿಲ್ಲ. ಆ ಕತೆಯ ಕೆಲವು ವಿನ್ಯಾಸಗಳು ಗುಲಾಮಗಿರಿ ಮುಗಿದ ಮೇಲೆ ಬಂದವೆಂದು ಕೌದಿಯ ಇತಿಹಾಸಕಾರರು ತೋರಿಸಿದ್ದಾರೆ. ಗುಲಾಮರಾಗಿದ್ದವರು ನಿಜವಾಗಿ ಹೊಲಿದ ಕೌದಿಗಳ ಮುಂದೆ ಈ ಕಲ್ಪಿತ ಕತೆ ಬೇಕಾಗಿಯೂ ಇಲ್ಲ. ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಬೈಬಲ್ಲಿನ ಕತೆಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಕೌದಿಯನ್ನು ಕಷ್ಟಕಾಲದಲ್ಲಿ ಐದು ಡಾಲರಿಗೆ ಮಾರಬೇಕಾಯಿತು. ಇಂದು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೂಲ್ಯ ವಸ್ತುಗಳಲ್ಲೊಂದು.

ಮಿಸ್ಸೂರಿ ಪೆಟ್ವೇ ಅವರ ಜೀಸ್ ಬೆಂಡ್‌ಗೂ ರಾಜಕೀಯ ತಡವಾಗಿಯೇ ಬಂತು, ಬಂದಾಗ ಕೌದಿಯನ್ನೇ ಹಿಡಿದುಕೊಂಡಿತು. ಆ ಊರಿರುವ ವಿಲ್ಕಾಕ್ಸ್ ಕೌಂಟಿಯಲ್ಲಿ ಕಪ್ಪು ಜನರೇ ಹೆಚ್ಚು. ಆದರೂ 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಒಬ್ಬ ಕಪ್ಪು ಮನುಷ್ಯನ ಹೆಸರೂ ಇರಲಿಲ್ಲ. ನದಿ ದಾಟಿ ಕೌಂಟಿ ಕೇಂದ್ರಕ್ಕೆ ಹೋಗಲು ಇದ್ದ ದೋಣಿ 1962ರಲ್ಲಿ ನಿಂತುಹೋಯಿತು. ಮತ್ತೆ ಶುರುವಾದದ್ದು 2006ರಲ್ಲಿ. 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಊರಿಗೆ ಬಂದುಹೋದ ಮೇಲೆ ಜನ ಹೆಸರು ನೋಂದಾಯಿಸಲು ಹೊರಟರು. ಹಾಗೆ ಹೊರಟ ಹಲವರನ್ನು ಜಮೀನಿನ ಒಡೆಯರು ಮನೆಯಿಂದ ಹೊರಹಾಕಿದರು. 1966ರಲ್ಲಿ ಪಾದ್ರಿ ಫ್ರಾನ್ಸಿಸ್ ವಾಲ್ಟರ್ ಅವರ ನೆರವಿನಿಂದ ಸುತ್ತಲಿನ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಎಸ್ಟೆಲ್ ವಿದರ್‌ಸ್ಪೂನ್ ಅದನ್ನು ನಡೆಸಿದರು. ನ್ಯೂಯಾರ್ಕಿನ ಹರಾಜುಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಅವರ ಕೌದಿಗಳು ಮಾರಾಟವಾದವು. ಸಂಘ 23 ಎಕರೆ ಜಮೀನು ಕೊಂಡು, ಮತ ನೋಂದಾಯಿಸಿ ಮನೆ ಕಳೆದುಕೊಂಡವರಿಗೆ ನಿವೇಶನ ಕೊಟ್ಟಿತು. ಆ ಕೌದಿಗಳ ಮೇಲೆ ಘೋಷಣೆ ಇಲ್ಲ, ಚಿತ್ರವಿಲ್ಲ. ಮತದ ಹಕ್ಕು ಕೇಳಿದವರ ತಲೆಯ ಮೇಲೆ ಸೂರು ನಿಲ್ಲಿಸಿದ್ದೇ ಅವುಗಳ ರಾಜಕೀಯ.

ಜಗತ್ತು ಕಂಡ ಅತಿ ದೊಡ್ಡ ಕೌದಿ ಗಂಡಸೊಬ್ಬನ ಕೈಯಿಂದ ಶುರುವಾಯಿತು. 1985ರ ನವೆಂಬರ್ 27ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇಣದಬತ್ತಿಯ ಮೆರವಣಿಗೆ ಇತ್ತು. ಏಳು ವರ್ಷ ಹಿಂದೆ ಅದೇ ದಿನ ಕೊಲೆಯಾಗಿದ್ದ ಸಲಿಂಗಿ ನಾಯಕ ಹಾರ್ವಿ ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನೆ ಅವರ ನೆನಪಿಗೆ. ಆ ಹೊತ್ತಿಗೆ ಆ ನಗರ ಒಂದರಲ್ಲೇ ಏಡ್ಸ್‌ಗೆ ಬಲಿಯಾದವರು ಸಾವಿರ ಮುಟ್ಟಿದ್ದರು. ತೀರಿಕೊಂಡ ಗೆಳೆಯರ ಹೆಸರುಗಳನ್ನು ರಟ್ಟಿನ ಮೇಲೆ ಬರೆದು ತನ್ನಿ ಎಂದು ಹೋರಾಟಗಾರ ಕ್ಲೀವ್ ಜೋನ್ಸ್ ಕೇಳಿಕೊಂಡರು. ಮೆರವಣಿಗೆಯ ಕೊನೆಗೆ ಏಣಿ ಹತ್ತಿ, ಆ ರಟ್ಟುಗಳನ್ನೆಲ್ಲ ಕೇಂದ್ರ ಸರ್ಕಾರದ ಕಟ್ಟಡದ ಗೋಡೆಗೆ ಅಂಟಿಸಿದರು. ಕೆಳಗೆ ನಿಂತು ನೋಡಿದ ಜೋನ್ಸ್‌ಗೆ ಗೋಡೆ ತಮ್ಮ ಮನೆತನದ ಹಿರಿಯಜ್ಜಿ ಹೊಲಿದ ಕೌದಿಯಂತೆ ಕಂಡಿತು.

1987ರಲ್ಲಿ ಅವರು ಗೆಳೆಯ ಮಾರ್ವಿನ್ ಫೆಲ್ಡ್‌ಮನ್ ನೆನಪಿಗೆ ಮೊದಲ ತುಂಡನ್ನು ಮಾಡಿದರು. ಅಗಲ 3 ಅಡಿ, ಉದ್ದ 6 ಅಡಿ, ಒಬ್ಬರನ್ನು ಹೂಳುವ ನೆಲದ ಅಳತೆ. ಮುಂದೆ ಬಂದ ಎಲ್ಲ ತುಂಡುಗಳಿಗೂ ಅದೇ ಅಳತೆ. ಏಡ್ಸ್‌ನಿಂದ ಸತ್ತವರ ದೇಹ ಮುಟ್ಟಲು ಶವಸಂಸ್ಕಾರದ ಮಂದಿ ಹಿಂಜರಿಯುತ್ತಿದ್ದ ದಿನಗಳವು. ಮಗ ಯಾವ ರೋಗದಿಂದ ಸತ್ತನೆಂದು ಹೇಳಲು ಹೆತ್ತವರೇ ಅಂಜುತ್ತಿದ್ದರು. ಎಷ್ಟೋ ಜನಕ್ಕೆ ಸಂಸ್ಕಾರವಾಗಲಿ, ಕಲ್ಲಿನ ಮೇಲೆ ಹೆಸರಾಗಲಿ ದೊರೆಯಲಿಲ್ಲ. ಅಧ್ಯಕ್ಷ ರೇಗನ್ ಈ ರೋಗದ ಕುರಿತೇ ಮೊದಲ ದೊಡ್ಡ ಭಾಷಣ ಮಾಡಿದ್ದು 1987ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ದೇಶದಲ್ಲಿ ಸಾವಿರಾರು ಜನ ಸತ್ತಾಗಿತ್ತು.

ದೇಶದ ಎಲ್ಲೆಡೆಯಿಂದ ಬಟ್ಟೆಯ ತುಂಡುಗಳು ಬಂದವು. ಜೀನ್ಸ್ ಪ್ಯಾಂಟು, ಕುತ್ತಿಗೆಯ ಟೈ, ಚರ್ಮದ ಜಾಕೀಟು, ಮಗುವಿನ ಕರಡಿ ಗೊಂಬೆ, ಎಲ್ಲವೂ ಅವುಗಳ ಮೇಲೆ. ಎಂದೂ ಸೂಜಿ ಹಿಡಿಯದ ಗಂಡಸರು ಹೊಲಿಯಲು ಕಲಿತರು. ಕೆಲವು ತುಂಡುಗಳಲ್ಲಿ ಮೊದಲ ಹೆಸರು ಮಾತ್ರ ಇದೆ, ಮನೆತನದ ಹೆಸರಿಗೆ ಮನೆಯವರು ಒಪ್ಪಿಲ್ಲ. ಎಂಟು ತುಂಡು ಕೂಡಿಸಿದರೆ 12 ಅಡಿಯ ಒಂದು ಚೌಕ. 1987ರ ಅಕ್ಟೋಬರ್ 11ರ ಬೆಳಿಗ್ಗೆ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಬಯಲಲ್ಲಿ ಬಿಳಿ ಬಟ್ಟೆ ತೊಟ್ಟ ಸ್ವಯಂಸೇವಕರು ಮಡಿಸಿಟ್ಟ ಚೌಕಗಳನ್ನು ಸುತ್ತ ನಿಂತು ಬಿಡಿಸಿ ನೆಲಕ್ಕೆ ಹಾಸಿದರು. ಧ್ವನಿವರ್ಧಕದಲ್ಲಿ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಆ ದಿನ 1,920 ತುಂಡುಗಳಿದ್ದವು. ಮರುವರ್ಷ ಅವು 8,288 ಆದವು. 1996ರಲ್ಲಿ ಕೊನೆಯ ಬಾರಿ ಇಡೀ ಕೌದಿಯನ್ನು ಹಾಸಿದಾಗ ಅದು ಇಡೀ ಮಾಲ್ ಬಯಲನ್ನೇ ತುಂಬಿತು. ಈಗ ಸುಮಾರು 50,000 ತುಂಡುಗಳು, ಒಂದು ಲಕ್ಷಕ್ಕೂ ಮೀರಿದ ಹೆಸರುಗಳು, 54 ಟನ್ ತೂಕ.

ಇದನ್ನು ಎಲ್ಲ ಹೋರಾಟಗಾರರೂ ಒಪ್ಪಿಕೊಳ್ಳಲಿಲ್ಲ. ನೋಡಿದವರು ಅತ್ತು ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುತ್ತಾರೆ, ಔಷಧಿಗೆ ಹಣ ಕೊಡದ ಸರ್ಕಾರ ತಣ್ಣಗೆ ಇರುತ್ತದೆ ಎಂಬ ಆಕ್ಷೇಪವಿತ್ತು. 1992ರ ಅಕ್ಟೋಬರ್ 11ರಂದು ಕೌದಿ ವಾಷಿಂಗ್ಟನ್ನಿನಲ್ಲಿ ಹಾಸಿದ್ದಾಗಲೇ ಆಕ್ಟ್ ಅಪ್ ಎಂಬ ಏಡ್ಸ್ ಹೋರಾಟ ಸಂಘಟನೆಯವರು ಶ್ವೇತಭವನದತ್ತ ಮೆರವಣಿಗೆ ಹೋದರು. ತಮ್ಮ ಪ್ರೀತಿಪಾತ್ರರ ಚಿತಾಭಸ್ಮವನ್ನು ಬೇಲಿಯಾಚೆ ಆ ಹುಲ್ಲುಹಾಸಿನ ಮೇಲೆ ಎರಚಿದರು. ಅವರ ಸಿಟ್ಟಿನಲ್ಲಿ ಸತ್ಯವಿತ್ತು. ಮೆದು ಬಟ್ಟೆಯ ಮೇಲೆ ದುಃಖ ಮೆದುವಾಗುವ ಅಪಾಯ ಎಂದೂ ಇದೆ. ಆದರೆ ಬೀದಿಗಿಳಿದು ಕೂಗಲಾರದ ತಾಯಿ, ಮಗ ಸಲಿಂಗಿಯೆಂದು ನೆರೆಯವರಿಗೆ ಎಂದೂ ಹೇಳದ ಸಣ್ಣ ಊರಿನ ತಂದೆ ವಾಷಿಂಗ್ಟನ್ನಿನ ಆ ಬಯಲಿಗೆ ಬಂದದ್ದು ಕೌದಿಯ ದಾರಿಯಲ್ಲಿ. ಕೌದಿಯವರ ಕೈಯಲ್ಲೂ ಆಕ್ಟ್ ಅಪ್ ಮಂದಿಯ ಕೈಯಲ್ಲೂ ಇದ್ದದ್ದು ಸತ್ತವರ ಉಳಿಕೆಯೇ. ಒಬ್ಬರು ಅದನ್ನು ಹೊಲಿದರು, ಒಬ್ಬರು ಎರಚಿದರು.



ಹೊಲಿಗೆಯೇ ಪ್ರತಿಭಟನೆಯಾಗುವುದಕ್ಕೆ ಭಾರತದಲ್ಲಿ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಬಿಹಾರದ ಸುಜನಿ. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹುಟ್ಟಿದ ಮಗುವನ್ನು ಸುತ್ತಲು ಹೊಲಿಯುವ ಮೆತ್ತನೆಯ ಬಟ್ಟೆ ಅದು. ಚಿಂದಿಗಳ ದೇವತೆ ಚಿತಿರಿಯಾ ಮಾ ಅದರೊಳಗಿದ್ದು ಮಗುವನ್ನು ಕಾಯುತ್ತಾಳೆಂಬ ನಂಬಿಕೆ. ಬಳಕೆ ತಪ್ಪುತ್ತಿದ್ದ ಈ ಕೆಲಸಕ್ಕೆ 1988ರಲ್ಲಿ ವಿಜಿ ಶ್ರೀನಿವಾಸನ್ ಅವರ ಅದಿತಿ ಸಂಸ್ಥೆ ಮುಜಫ್ಫರ್‌ಪುರ ಜಿಲ್ಲೆಯ ಭುಸುರಾ ಗ್ರಾಮದಲ್ಲಿ ಮತ್ತೆ ಜೀವ ಕೊಟ್ಟಿತು. ಹೂಬಳ್ಳಿ, ಮೀನುಗಳ ಜಾಗಕ್ಕೆ ಅಲ್ಲಿನ ಹೆಂಗಸರು ತಮ್ಮ ಕಣ್ಣಾರೆ ಕಂಡದ್ದನ್ನು ತಂದರು. ವರದಕ್ಷಿಣೆಗೆ ಸುಟ್ಟ ಸೊಸೆ, ಕುಡಿದು ಬಂದು ಹೊಡೆಯುವ ಗಂಡ, ಹೆಣ್ಣೆಂದು ತಿಳಿದು ಕಳೆದ ಬಸಿರು, ಮತಗಟ್ಟೆಯ ಮುಂದಿನ ಸಾಲು. ಸರಪಳಿ ಹೊಲಿಗೆಯಲ್ಲಿ ಹೊರಗೆರೆ ಹಾಕಿ, ಒಳಗಿನ ಜಾಗಕ್ಕೆ ಸಣ್ಣ ಓಡುಹೊಲಿಗೆ ತುಂಬುತ್ತಾರೆ. ಸೆರಗು ಮುಖದ ಮೇಲೆ ಎಳೆದುಕೊಂಡವಳು, ಅದೇ ಬಟ್ಟೆಯಲ್ಲಿ ತುಸು ಅತ್ತ, ಪಂಚಾಯಿತಿಯಲ್ಲಿ ಮುಖ ಎತ್ತಿ ಕೂತವಳು. ಪಂಚಾಯಿತಿಯಲ್ಲಿ ಹೆಂಗಸರಿಗೆ ಅರ್ಧದಷ್ಟು ಸ್ಥಾನ ಮೀಸಲಿಟ್ಟ ಮೊದಲ ರಾಜ್ಯ ಬಿಹಾರ, 2006ರಲ್ಲಿ. ಸುಜನಿಗೆ ಭೌಗೋಳಿಕ ಗುರುತು ದೊರೆತದ್ದೂ ಅದೇ ವರ್ಷ.

ಕರ್ನಾಟಕದ ಎಳೆ ಇರುವುದು ಉತ್ತರ ಕನ್ನಡದ ಸಿದ್ದಿಯರ ಕೌದಿಗಳಲ್ಲಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ನೆಲೆಸಿದೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಯರ ಕೌದಿಗಳನ್ನು ಅಭ್ಯಾಸ ಮಾಡಿ ಹೊರಗಿನವರಿಗೆ ಪರಿಚಯಿಸಿದರು. ಮಹಿಳೆಯರ ಸಹಕಾರ ಗುಂಪೊಂದು ಹುಟ್ಟಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹಾರ್ಲೆಮ್ ಕಪ್ಪು ಅಮೆರಿಕನ್ನರ ಬದುಕಿನ ದೊಡ್ಡ ಕೇಂದ್ರ. ಕೌದಿಯ ಮೇಲೆ ಕತೆ ಬರೆದು ಜನಾಂಗಭೇದವನ್ನು ಎದುರಿಸಿದ ಕಲಾವಿದೆ ಫೇಯ್ತ್ ರಿಂಗೋಲ್ಡ್ ಹುಟ್ಟಿದ್ದೂ ಅಲ್ಲೇ. ಒಂದೇ ಖಂಡದಿಂದ ಎರಡು ದಿಕ್ಕಿಗೆ ಗುಲಾಮರಾಗಿ ಸಾಗಿಸಲ್ಪಟ್ಟವರ ಮೊಮ್ಮಕ್ಕಳ ಹೊಲಿಗೆ ಹೀಗೆ ಒಂದೇ ಊರಲ್ಲಿ ಕಾಣಿಸಿತು.

ಸಿದ್ದಿ ಹೆಂಗಸರು ಕೌದಿಯ ಅಂಚಿನಿಂದ ಶುರುಮಾಡಿ ನಡುವಿನತ್ತ ಹೊಲಿಯುತ್ತಾ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನಗಳನ್ನು ಕೂರಿಸುತ್ತಾರೆ. ಅವಕ್ಕೆ ‘ಫುಲಾ’ ಎನ್ನುತ್ತಾರೆ, ಹೂವು. ಫುಲಾ ಇಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಇದನ್ನು ಪ್ರತಿಭಟನೆಯೆಂದು ಕರೆದರೆ ಅದು ಹೊರಗಿನವರು ಹೊದಿಸಿದ ಅರ್ಥವಾಗುತ್ತದೆ. ಅವರು ಹೊಲಿಯುವುದು ಮಕ್ಕಳು ಮೊಮ್ಮಕ್ಕಳ ಚಳಿಗೆ. ಮಿಸ್ಸೂರಿ ಪೆಟ್ವೇ ಅವರಂತೆ, ಮೊದಲ ಅಂಗಿ ಕತ್ತರಿಸುವವರೆಗಿನ ಚಿಲಿಯ ಹೆಂಗಸರಂತೆ.

ಆ ಹೆಂಗಸರ ಅರ್ಪಿಯೇರಾಗಳು ಇಂದು ಸಾಂತಿಯಾಗೊದಲ್ಲಿ 2010ರಲ್ಲಿ ತೆರೆದ ನೆನಪು ಮತ್ತು ಮಾನವ ಹಕ್ಕುಗಳ ವಸ್ತುಸಂಗ್ರಹಾಲಯದಲ್ಲೂ ಇವೆ. ಕಣ್ಮರೆಯಾದವರಿಗೆ ಏನಾಯಿತೆಂದು ಹುಡುಕುವ ಹೊಣೆಯನ್ನು ಸರ್ಕಾರವೇ ಹೊರುವ ರಾಷ್ಟ್ರೀಯ ಯೋಜನೆಯನ್ನು ಅಧ್ಯಕ್ಷ ಗಾಬ್ರಿಯೆಲ್ ಬೋರಿಕ್ 2023ರ ಆಗಸ್ಟ್ 30ರಂದು ಘೋಷಿಸಿದರು. ಸೇನಾ ದಂಗೆಗೆ ಐವತ್ತು ತುಂಬಲು ಹನ್ನೆರಡು ದಿನ ಬಾಕಿಯಿತ್ತು. ಸಾವಿರಕ್ಕೂ ಹೆಚ್ಚು ಜನರ ಅವಶೇಷ ಆಗಲೂ ಸಿಕ್ಕಿರಲಿಲ್ಲ. ಅವರ ಅಂಗಿಗಳನ್ನು ಕತ್ತರಿಸಿ ಹೊಲಿದ ತಾಯಂದಿರಲ್ಲಿ ಎಷ್ಟೋ ಜನ ಅಷ್ಟರೊಳಗೆ ತೀರಿಕೊಂಡಿದ್ದರು.